ತಲೆ ತಾಗುವ ಚಪ್ಪರ

ಸುಲೈಬಿಯಾದ ತೋಟಗಳ ಮೇಲೆ ಇನ್ನೂ ಪೂರ್ತಿ ಬೆಳಕು ಹರಿದಿಲ್ಲ. ಗೋದಾಮುಗಳ ಸಾಲಿನಾಚೆ ಬಾಂಗ್ ಮುಗಿದು, ನಮಾಜಿಗೆ ಹೋದವರು ಮರಳಿಯೂ ಆಗಿದೆ. ಈರುಳ್ಳಿ ಮಡಿಗಳ ನಡುವೆ ಎತ್ತರದ ಮನುಷ್ಯರೊಬ್ಬರು ಬಗ್ಗಿ ನೀರಿನ ಕವಾಟ ತಿರುಗಿಸುತ್ತಿದ್ದಾರೆ. ಒಂದು ಮಡಿಗೆ ನೀರು ಬಿಟ್ಟು, ಅದು ಕೊನೆ ಮುಟ್ಟುವ ತನಕ ಕಾದು, ಒದ್ದೆ ಮಣ್ಣಿನ ಮೇಲೆ ಅಂಗೈ ಊರಿ ನೋಡಿ, ಆಮೇಲೆಯೇ ಮುಂದಿನ ಮಡಿಗೆ ಹೋಗುತ್ತಾರೆ. ಸಾಲುದೀಪ ಹಚ್ಚುತ್ತ ಹೋಗುವ ಅರ್ಚಕರ ನಡಿಗೆಯಲ್ಲಿ ಇರುತ್ತದಲ್ಲ, ಅಂಥ ನಿಧಾನ.

ಇವರು ಅಂಬಕಾನೆ ತೊಗೊ. ಆಫ್ರಿಕಾದ ಮಾಲಿ ದೇಶದವರು, ದೋಗೋನ್ ಜನ. ಕುವೈತಿಗೆ ಬಂದು ಹತ್ತಿರ ಹತ್ತಿರ ಹತ್ತು ವರ್ಷ. ಫಹಾಹೀಲ್‌ನ ಅಂಗಡಿಗಳಲ್ಲಿ, ಎಗೈಲಾದ ಮಾಲ್‌ಗಳಲ್ಲಿ ನಮ್ಮ ಮಂಗಳೂರು, ಉಡುಪಿ ಕಡೆಯ ಹೆಂಗಸರು ಮೂಗಿಗೆ ಹಿಡಿದು ನೋಡಿ ಕೊಳ್ಳುವ ಹಸಿ ಈರುಳ್ಳಿ, ಮೂಲಂಗಿ, ಕೊತ್ತಂಬರಿ ಕಟ್ಟುಗಳಲ್ಲಿ ಒಂದಿಷ್ಟು ಇವರ ಕೈ ದಾಟಿ ಬಂದವು. ಕಟ್ಟಿದ ಕೈ ಯಾರದೆಂದು ಕಟ್ಟಿನ ಮೇಲೆ ಬರೆದಿರುವುದಿಲ್ಲ.

ಇವತ್ತು ಅವರ ಕಿಸೆಯಲ್ಲಿ ಫೋನು ಭಾರವಾಗಿದೆ. ಎದ್ದು ನೋಡುವಾಗ ಊರಿನಿಂದ ಧ್ವನಿ ಸಂದೇಶವೊಂದು ಬಂದು ಕೂತಿತ್ತು. ಕಳಿಸಿದವರು ಸೋದರಮಾವ ದೋಮೊ. ಅಂಬಕಾನೆಯವರ ಹೆಂಡತಿ ಮಕ್ಕಳು ತಮ್ಮ ಜನರ ನಡುವೆ ಊರಿನಲ್ಲೇ ಉಳಿಯುತ್ತಾರೋ, ದೂರದ ಪೇಟೆಯ ಹೊರಗೆ ಹಾಕಿದ ಡೇರೆಗಳಿಗೆ ಹೋಗುತ್ತಾರೋ ಎಂಬುದು ಆ ಮಾವನ ಮಾತಿನ ಮೇಲೆ ನಿಂತಿದೆ. ಅಷ್ಟು ದೊಡ್ಡ ಮಾತು ಕಿಸೆಯಲ್ಲಿದ್ದರೂ ಅಂಬಕಾನೆ ಇನ್ನೂ ಅದನ್ನು ಕೇಳಿಲ್ಲ.

ತರಕಾರಿ ಒಯ್ಯಲು ಪಿಕಪ್ ತಂದು ನಿಲ್ಲಿಸಿದ ಅಲಿಕುಂಞಿಯವರಿಗೆ ಇದು ತಲೆಗೆ ಹತ್ತುವುದಿಲ್ಲ. ಅವರು ಬಂಟ್ವಾಳ ಕಡೆಯ ಬ್ಯಾರಿ, ಸ್ವಭಾವದಲ್ಲಿ ಅವಸರದವರು. ಬಿಸಿಲೇರುವ ಮುಂಚೆ ಫಹಾಹೀಲ್ ಮುಟ್ಟದಿದ್ದರೆ ಸೊಪ್ಪು ಬಾಡುತ್ತದೆ ಎಂಬ ಚಿಂತೆ ಅವರಿಗೆ ದಿನವೂ ಇರುವಂಥದು. ಆದರೆ ಅಂಬಕಾನೆಯವರ ಹತ್ತಿರ ಅವಸರ ನಡೆಯುವುದಿಲ್ಲ. ದೋಗೋನ್ ಜನ ಎದುರಾದರೆ ಮೊದಲು ಕುಶಲ ಕೇಳಬೇಕು. ಹೇಗಿದ್ದೀಯ, ಮನೆ ಹೇಗಿದೆ, ಮನೆಯೊಳಗಿನವರು ಹೇಗಿದ್ದಾರೆ, ತಾಯಿ ಹೇಗಿದ್ದಾರೆ, ಬಂದ ದಾರಿ ಹೇಗಿತ್ತು, ಹೀಗೆ ಒಂದೊಂದಾಗಿ. ಎದುರಿನವರು ಪ್ರತಿಯೊಂದಕ್ಕೂ ‘ಸೆವೊ’ ಅನ್ನಬೇಕು. ಸುಖ ಎಂದು ಅರ್ಥ. ಮೊದಮೊದಲು ಅಲಿಕುಂಞಿ ‘ಯಲ್ಲಾ, ಯಲ್ಲಾ’ ಎಂದು ಅವಸರಪಡಿಸುತ್ತಿದ್ದರು. ಈಗ ಕಟ್ಟುಗಳನ್ನು ಗಾಡಿಗೆ ಏರಿಸುತ್ತಲೇ, ಮಗ್ಗಿ ಒಪ್ಪಿಸುವವರ ಹಾಗೆ, ‘ಸೆವೊ, ಸೆವೊ’ ಅನ್ನುತ್ತಾರೆ.

“ಬಟನ್ ಒತ್ತಿದರೆ ಆಯ್ತಲ್ಲ ಮಾರಾಯ,” ಎನ್ನುತ್ತಾರೆ ಇವತ್ತು. “ನಿನ್ನ ಮಾವ ಎಂತ ಹೇಳಿದ್ದಾರೆ ಅಂತ ನಿನಗಿಂತ ನನಗೇ ಉರಿ ಹತ್ತಿದೆ.”

“ಇದು ನಿಂತು ಕೇಳುವ ಮಾತಲ್ಲ ಭಾಯಿ,” ಎನ್ನುತ್ತಾರೆ ಅಂಬಕಾನೆ. “ನೀರು ಬಿಟ್ಟು ಮುಗಿಯಲಿ. ಕೂತು ಕೇಳೋಣ.”

ಅವರ ಬಾಯಲ್ಲಿ ಬರುವುದು ಹಿಂದಿ, ಅರಬಿ ಎರಡನ್ನೂ ಕಲಸಿದ ಮಾತು. ಅದರ ನಡುವೆ ಅಲ್ಲಲ್ಲಿ ಒಂದು ‘ಮಾರಾಯ’, ಒಂದು ‘ಎಂತ’. ಇವು ಮೇಸ್ತ್ರಿ ದೇಜಪ್ಪನವರ ಕೊಡುಗೆ.

ಕೂತು ಕೇಳುವ ಜಾಗ ಯಾವುದು ಎಂದು ತೋಟದಲ್ಲಿ ಯಾರೂ ಕೇಳುವುದಿಲ್ಲ. ಪಂಪ್‌ಹೌಸಿನ ಪಕ್ಕದಲ್ಲಿ ಖರ್ಜೂರದ ಮರದ ತುಂಡುಗಳನ್ನು ಕಂಬ ಮಾಡಿ ನಿಲ್ಲಿಸಿದ ಒಂದು ಚಪ್ಪರವಿದೆ. ಮೇಲೆ ಖರ್ಜೂರದ ಗರಿ, ಅದರ ಮೇಲೆ ಜೋಳದ ದಂಟು, ಒಣಗಿದ ಈರುಳ್ಳಿ ಸೊಪ್ಪು, ಮತ್ತೆ ಗರಿ. ಹೀಗೆ ಪದರದ ಮೇಲೆ ಪದರ. ಮಾಡು ಅಷ್ಟು ದಪ್ಪ, ಕೆಳಗಿನ ಜಾಗ ಅಷ್ಟೇ ತಗ್ಗು. ಕೂತರೆ ನೆತ್ತಿಯ ಮೇಲೆ ಒಂದು ಗೇಣು ಉಳಿಯುತ್ತದೆ. ನಿಲ್ಲುವಂತಿಲ್ಲ. ಹೊಸದಾಗಿ ಬಂದವರು ಇದರೊಳಗೆ ಆಡು ಕಟ್ಟುತ್ತೀರಾ ಎಂದು ಕೇಳುವುದುಂಟು.

ಇದನ್ನು ಕಟ್ಟಿದ ಕಾಲದಲ್ಲಿ ದೇಜಪ್ಪ ರಜೆಯಲ್ಲಿ ಕಾರ್ಕಳಕ್ಕೆ ಹೋಗಿದ್ದರು. ಹೋಗುವ ಮುಂಚೆ, ಹುಡುಗರಿಗೆ ಚಹಾ ಕುಡಿಯಲು ಒಂದು ನೆರಳು ಬೇಕು, ತೋಟದ ಧಣಿ ಕಫೀಲ್ ಒಪ್ಪಿದ್ದಾರೆ, ನೀನೇ ಒಂದು ಚಪ್ಪರ ಎಬ್ಬಿಸು ಎಂದು ಅಂಬಕಾನೆಯವರಿಗೆ ಹೇಳಿದ್ದರು. ಮರಳಿ ಬಂದು ನೋಡಿದರೆ ಇದು. ಸೊಂಟಕ್ಕೆ ಕೈಕೊಟ್ಟು ಸುತ್ತ ಒಂದು ಪ್ರದಕ್ಷಿಣೆ ಬಂದರಂತೆ.

“ಎಂತ ಮಾರಾಯ ಇದು? ಅಳತೆ ತಪ್ಪಿತಾ? ಇದರೊಳಗೆ ಹೋಗಬೇಕಾದರೆ ನಾನು ಇನ್ನೊಂದು ಜನ್ಮದಲ್ಲಿ ಹಾವಾಗಿ ಹುಟ್ಟಬೇಕು.”

ಅಳತೆ ತಪ್ಪಿಲ್ಲ, ನಮ್ಮಲ್ಲಿ ಮಾತಾಡುವ ಜಾಗ ಹೀಗೆಯೇ ಎಂದರು ಅಂಬಕಾನೆ. ಅವರ ಮಾತಿನಲ್ಲಿ ಅದಕ್ಕೆ ತೊಗುನಾ ಎನ್ನುತ್ತಾರೆ. ಊರಿನ ಗಂಡಸರು ಅದರ ಕೆಳಗೆ ಕೂತು ಹೊಲ, ನೀರು, ಮದುವೆ, ಜಗಳ ಎಲ್ಲವನ್ನೂ ಹರಿಸುತ್ತಾರೆ. ಸಿಟ್ಟು ನೆತ್ತಿಗೇರಿ ಯಾರಾದರೂ ಎದ್ದರೆ ತಲೆ ಮಾಡಿಗೆ ತಾಗುತ್ತದೆ, ತಾಗಿದವ ಕೂರುತ್ತಾನೆ. ಹೀಗೆ ಕೂತಲ್ಲೇ ಮಾತು ಮುಗಿಯಬೇಕು. ದೂರದೇಶಕ್ಕೆ ಹೋಗಿ ಬಂದವರಂತೂ ಮೊದಲ ದಿನ ಅಭ್ಯಾಸ ತಪ್ಪಿ, ಮರೆತು ಎದ್ದು ತಲೆ ತಾಗಿಸಿಕೊಳ್ಳುತ್ತಾರೆ. ಆಗ ಊರೆಲ್ಲ ಬಿದ್ದು ಬಿದ್ದು ನಗುತ್ತದೆ. ಬಂದೆಯಾ ಮಗನೇ ಎಂದು ಕೇಳುವ ರೀತಿಯೇ ಅದು.

ಬೆಳೆ ಮುಗಿದ ಮೇಲೆ ಕಂಬ ಎತ್ತರಿಸು ಎಂದು ದೇಜಪ್ಪ ಹೇಳಿದ್ದೂ ಹೌದು. ಆದರೆ ಬೆಳೆ ಮುಗಿಯುವ ಮುಂಚೆಯೇ ಅಡುಗೆಯ ಪಾಳಿಯ ವಿಷಯಕ್ಕೆ ಇಬ್ಬರು ಕೆಲಸಗಾರರು ಆ ನೆರಳಿನಲ್ಲಿ ಜಟಾಪಟಿಗೆ ನಿಂತರು. ನಿಂತರು ಎನ್ನುವುದು ತಪ್ಪು. ನಿಲ್ಲಲು ಹೊರಟು ಇಬ್ಬರೂ ಏಕಕಾಲಕ್ಕೆ ತಲೆ ಹೊಡೆಸಿಕೊಂಡರು. ಸುತ್ತ ಕೂತವರ ನಗುವಿನಲ್ಲಿ ಜಗಳ ಕರಗಿಹೋಯಿತು. ಅಂದಿನಿಂದ ದೇಜಪ್ಪ ಎತ್ತರಿಸುವ ಮಾತು ಎತ್ತಿಲ್ಲ. “ನಮ್ಮ ಊರಿನ ಜಾಗದ ತಕರಾರಿಗೂ ಇಂಥದೊಂದು ಬೇಕಿತ್ತು,” ಎನ್ನುತ್ತಾರೆ. “ನಾವು ಎತ್ತರದ ಹಾಲ್ ಕಟ್ಟಿಸಿದೆವು. ಅಲ್ಲಿ ಎಲ್ಲರೂ ಎದ್ದೇ ಮಾತಾಡುವುದು.”

ಅಂಬಕಾನೆಯವರ ನಾಡನ್ನು ಕಣ್ಣಿಗೆ ತಂದುಕೊಳ್ಳಬೇಕಾದರೆ ಮೊದಲು ಒಂದು ಬಂಡೆಯ ಗೋಡೆಯನ್ನು ನೆನೆಯಬೇಕು. ದಿನಗಟ್ಟಲೆ ನಡೆದರೂ ಮುಗಿಯದ, ಕಡಿದಾದ ಗೋಡೆ. ಅದರ ನೆತ್ತಿಯ ಮೇಲೆ ಕಲ್ಲುಹಾಸಿನ ಬಯಲು. ಬುಡದಲ್ಲಿ ಕಣ್ಣು ಸೋಲುವಷ್ಟು ದೂರದ ಮರಳು ಬಯಲು. ದೋಗೋನ್ ಜನರ ಊರುಗಳು ನೆತ್ತಿಯಲ್ಲಿ, ಗೋಡೆಯ ಮಡಿಕೆಗಳಲ್ಲಿ, ಮರಳಿನಲ್ಲಿ ಹೀಗೆ ಎಲ್ಲ ಕಡೆ ಹರಡಿವೆ. ಗೋಡೆಗೆ ಜೇನು ಕಟ್ಟಿದ ಹಾಗೆ ಮಣ್ಣಿನ ಮನೆಗಳು, ಅವುಗಳ ನಡುವೆ ಹುಲ್ಲಿನ ಟೋಪಿ ಹಾಕಿಕೊಂಡ ಕಣಜಗಳು. ಒಂದು ಮಟ್ಟದಿಂದ ಇನ್ನೊಂದಕ್ಕೆ ಹೋಗಲು ಮರದ ಕಾಂಡಕ್ಕೆ ಮೆಟ್ಟಿಲು ಕೊರೆದ ಏಣಿ.

ಮಾತೂ ಅಲ್ಲಿ ಊರಿನ ಹಾಗೆಯೇ ಚದರಿದೆ. ಒಂದು ಕಣಿವೆ ದಾಟಿದರೆ ನುಡಿ ಬೇರೆ. ಸಂತೆಯಲ್ಲಿ ಸೇರಿದವರು ಒಬ್ಬರಿಗೊಬ್ಬರು ಅರ್ಥವಾಗಲು ಮೂರನೆಯ ಮಾತು ಆಡುವುದೂ ಇದೆ. ತುಳು, ಬ್ಯಾರಿ, ಕೊಂಕಣಿ, ಕನ್ನಡ ನಾಲ್ಕನ್ನೂ ಒಂದೇ ಬಸ್‌ಸ್ಟ್ಯಾಂಡಿನಲ್ಲಿ ಕೇಳಿ ಬೆಳೆದ ದೇಜಪ್ಪ, ಅಲಿಕುಂಞಿಯವರಿಗೆ ಇದರಲ್ಲಿ ಸೋಜಿಗ ಕಾಣುವುದಿಲ್ಲ. ಅಂಬಕಾನೆಯವರ ಮನೆಮಾತನ್ನು ಆಡುವವರು ಮಾತ್ರ ಲೋಕದಲ್ಲಿ ಮೂರೇ ಊರಿನವರು. ಮೂರಕ್ಕೂ ಹೆಸರು ಒಂದೇ, ಗೊಮೇಲಿ. ಬಂಡೆಯ ಮೇಲೆ ಮೇಲಿನ ಗೊಮೇಲಿ, ಬುಡದಲ್ಲಿ ಅಡಿಯ ಗೊಮೇಲಿ, ಬಯಲಿನಲ್ಲಿ ಮರಳ ಗೊಮೇಲಿ.

ಮೊದಲು ಇದ್ದದ್ದು ಮೇಲಿನದು ಒಂದೇ. ಆಗ ಬಯಲಿನಲ್ಲಿ ಕುದುರೆ ಏರಿ ಬಂದು ಸುಲಿಯುವವರ ಭಯ. ಕುದುರೆ ಬಂಡೆ ಹತ್ತಲಾರದು ಎಂದು ಹಿರಿಯರು ಬಂಡೆಗೆ ಅಂಟಿಕೊಂಡರು. ಅಲ್ಲಿ ಮಣ್ಣಿಲ್ಲ, ಬುಟ್ಟಿಯಲ್ಲಿ ಹೊತ್ತು ತಂದ ಮಣ್ಣನ್ನು ಕಲ್ಲಿನ ಮೇಲೆ ಹರಡಿ ಚಾಪೆಯಗಲದ ಮಡಿ ಮಾಡಿ ಈರುಳ್ಳಿ ಬೆಳೆದರು. ಸೋರೆ ಬುರುಡೆಯಲ್ಲಿ ನೀರು ತಂದು ಗಿಡಗಿಡಕ್ಕೆ ಹನಿಸಿದರು. ಅಂಬಕಾನೆ ಇವತ್ತು ನೀರಿನ ಹಿಂದೆ ನಡೆಯುವ ನಿಧಾನ ಅಲ್ಲಿಯದು.

ಬಯಲು ಶಾಂತವಾದ ಕಾಲಕ್ಕೆ, ಒಂದು ಸಂಜೆ ಬೇಟೆಗಾರನೊಬ್ಬನ ನಾಯಿ ಮೂತಿಗೆ ಹಸಿ ಕೆಸರು ಮೆತ್ತಿಕೊಂಡು ಬಂತಂತೆ. ಬೇಸಗೆಯಲ್ಲಿ ಕೆಸರು ಎಲ್ಲಿಯದು ಎಂದು ಬೇಟೆಗಾರ ಮರುದಿನ ನಾಯಿಯ ಬೆನ್ನು ಹತ್ತಿದ. ಅದು ಇಳಿದು, ಇಳಿದು, ಮರಳಿನ ನಡುವೆ ಒಂದು ಪೊದೆಯ ಕೆಳಗೆ ಕೆರೆಯತೊಡಗಿತು. ಅಲ್ಲಿ ನೀರಿತ್ತು. ಆ ನಾಯಿಗೆ ನೀರು ತೋರಿಸಿಕೊಟ್ಟವನು ದೇವರು ಎಂದು ಅಂಬಕಾನೆಯವರ ತಾಯಿ ಕಥೆಯ ಕೊನೆಗೆ ಸೇರಿಸುತ್ತಿದ್ದರು. ಮಳೆಗಾಲದಲ್ಲಿ ಸಜ್ಜೆ ಬಿತ್ತಲು ಜನ ಇಳಿದರು. ಕೊಯ್ಲು ಮುಗಿಸಿ ಹತ್ತಿದರು. ಕೆಲವರು ಬುಡದಲ್ಲೇ ಉಳಿದರು. ಕೆಲವರು ಮರಳಿನಲ್ಲಿ ಗೋಡೆ ಎಬ್ಬಿಸಿದರು.

ಆದರೂ ಅದು ಊರಲ್ಲ. ಎಷ್ಟು ಮನೆಯಿದ್ದರೂ ಹೊಲದ ಬಿಡಾರವೇ. ಅಲ್ಲಿಯ ಮಾತು ತೀರಬೇಕಾದರೆ ಮೇಲಕ್ಕೆ ಹತ್ತಿ ಮೇಲಿನವರ ಚಪ್ಪರದಲ್ಲಿ, ಕಿರಿಯರ ಅಂಚಿನಲ್ಲಿ ಕೂತು ಕೇಳಬೇಕು. ಸ್ವಂತ ಚಪ್ಪರ ಎದ್ದ ದಿನ ಬಿಡಾರ ಊರಾಗುತ್ತದೆ. ಅಂಬಕಾನೆಯವರ ಅಜ್ಜ ಎಬ್ಬಿಸಿದರು. ಮೇಲೆ ಕಲ್ಲಿದೆ, ಅಲ್ಲಿಯ ಚಪ್ಪರಕ್ಕೆ ಕಲ್ಲಿನ ಕಂಬ. ಮರಳಿನಲ್ಲಿ ಕಲ್ಲೆಲ್ಲಿ? ಅಜ್ಜ ಮರದ ಕಂಬ ಕಡಿದು, ನಡುವಿನ ಕಂಬದಲ್ಲಿ ಆ ನಾಯಿಯನ್ನೇ ಕೆತ್ತಿಸಿದರು. ಮಗ ಬೇರೆ ಒಲೆ ಹೂಡಿದ ಹಾಗಾಯಿತು ಮೇಲಿನವರಿಗೆ. ಮುಖ ತಿರುಗಿಸಿದರು. ಹೆಣ್ಣು ಕೊಡುವುದನ್ನು ಮಾತ್ರ ನಿಲ್ಲಿಸಲಿಲ್ಲ. ಹಾಗೆ ಮೇಲಿನಿಂದ ಇಳಿದು ಬಂದ ಮದುಮಗಳು ಅಂಬಕಾನೆಯವರ ತಾಯಿ. ಮಾವ ದೋಮೊ ಇವತ್ತು ಮೇಲಿನ ಗೊಮೇಲಿಯ ಯಜಮಾನ.

ಕುವೈತಿನ ಮೊದಲ ವರ್ಷಗಳಲ್ಲಿ ಅಂಬಕಾನೆ ಮರುಭೂಮಿಯಲ್ಲಿ ಕುರಿ ಕಾಯುತ್ತಿದ್ದರು. ತಿಂಗಳುಗಟ್ಟಲೆ ತಮ್ಮ ಮಾತು ಆಡಲು ಒಂದು ಜೀವವಿಲ್ಲ. “ಕುರಿಗಳಿಗೇ ಕಲಿಸಿದೆ,” ಎಂದು ನಗುತ್ತಾರೆ. “ಕುಶಲ ಕೇಳಿದರೆ ಅವು ತಲೆ ಎತ್ತಿ ನೋಡುತ್ತಿದ್ದವು. ಈಗಲೂ ಆ ಕಡೆ ನಾಲ್ಕು ಕುರಿ ನಮ್ಮ ಮಾತು ಆಡುತ್ತಿರಬಹುದು.” ಆಮೇಲೆ ಈ ತೋಟ. ಬೇಸಗೆಯಲ್ಲಿ ಬೆಳೆಗೆ ಕಟ್ಟಿದ ಪ್ಲಾಸ್ಟಿಕ್ ಮನೆಗಳೊಳಗೆ ಉಸಿರು ಕಟ್ಟುತ್ತದೆ. ಧೂಳುಗಾಳಿ ಬಂದರೆ ಎಲೆಗಳನ್ನು ಒಂದೊಂದಾಗಿ ತೊಳೆಯಬೇಕು. ದಿನಕ್ಕೆ ನೂರಾರು ಕಟ್ಟು ಕಟ್ಟಿ ಅವರ ಹೆಬ್ಬೆರಳಿನ ಚರ್ಮ ದಪ್ಪಗಟ್ಟಿ ಒಡೆದಿದೆ. ಅದಕ್ಕೆ ದೇಜಪ್ಪ ಊರಿನಿಂದ ತಂದ ತೆಂಗಿನೆಣ್ಣೆ ಸವರಿಕೊಳ್ಳುತ್ತಾರೆ. ಬೆಳಿಗ್ಗೆ ದೇಜಪ್ಪ ಪಂಪ್ ಸುರು ಮಾಡುವ ಮುಂಚೆ ಯಂತ್ರದ ಎದುರು ಒಂದು ಊದುಬತ್ತಿ ಹಚ್ಚುತ್ತಾರೆ. ಆ ಹೊತ್ತಿಗೆ ಅಂಬಕಾನೆ ಕವಾಟದ ಹತ್ತಿರ ನಿಂತು ಬಿಸ್ಮಿಲ್ಲಾ ಅನ್ನುತ್ತಾರೆ. ನೀರು ಇಬ್ಬರ ಮಾತನ್ನೂ ಕೇಳಿ ಬರುತ್ತದೆ.

ಈಚಿನ ವರ್ಷಗಳಲ್ಲಿ ಮರಳು ಬಯಲಿಗೆ ಮತ್ತೆ ಭಯ ಬಂದಿದೆ. ಈ ಸಲ ಕುದುರೆಯ ಬದಲು ಬಂದೂಕು ಹೊತ್ತ ಬೈಕುಗಳು. ಹೋದ ಕೊಯ್ಲಿನ ಹೊತ್ತಿಗೆ ಮರಳ ಗೊಮೇಲಿಯವರು ಊರು ಬಿಟ್ಟು, ಬುಡದ ಊರನ್ನೂ ದಾಟಿ, ಮೇಲಕ್ಕೆ ಹತ್ತಿದರು. ಅಜ್ಜಂದಿರು ಇಳಿದ ಏಣಿಗಳನ್ನೇ ಮೊಮ್ಮಕ್ಕಳು ಹತ್ತಿದರು. ಹತ್ತುವಾಗ ಅಂಬಕಾನೆಯವರ ಅಣ್ಣ, ಮರಳ ಗೊಮೇಲಿಯ ಹಿರಿಯ, ಒಂದು ಕೆಲಸ ಮಾಡಿದರು. ಮಡಕೆ, ಸಜ್ಜೆಯ ಚೀಲ ಹೊರುವ ಹೆಗಲುಗಳನ್ನೆಲ್ಲ ಸೇರಿಸಿ ಚಪ್ಪರದ ನಡುಗಂಬವನ್ನು, ನಾಯಿ ಕೆತ್ತಿದ್ದನ್ನು, ಕಿತ್ತು ಹೊರಿಸಿದರು.

ಅಂಬಕಾನೆಯವರ ಹೆಂಡತಿ ಯಾಪೆರೆ ಮರುದಿನ ಕಳಿಸಿದ ಧ್ವನಿ ಅವರ ಫೋನಿನಲ್ಲಿ ಇನ್ನೂ ಇದೆ. “ನನ್ನ ಬೀಸುವ ಕಲ್ಲು ಅಲ್ಲೇ ಬಿತ್ತು. ದೊಡ್ಡ ಮಡಕೆ ಅಲ್ಲೇ ಬಿತ್ತು. ನಿನ್ನ ಅಣ್ಣ ಒಂದು ದಿಮ್ಮಿ ಹೊತ್ತು ತಂದಿದ್ದಾನೆ. ರಾತ್ರಿಗೆ ಅದನ್ನೇ ಬೇಯಿಸಲಾ?”

ಮಾವ ದೋಮೊ ಬಂದವರನ್ನು ಬಾಗಿಲಲ್ಲಿ ನಿಲ್ಲಿಸಲಿಲ್ಲ. ಮನೆ ಕೊಟ್ಟರು, ಕಣಜ ತೆರೆದರು, ಬಂಡೆಯ ಹೊಂಡದ ನೀರಿನಲ್ಲಿ ಪಾಲು ಕೊಟ್ಟರು. ಕಂಬ ಮಾತ್ರ ಅವರ ಅಂಗಳದಲ್ಲಿ ಮಲಗಿಯೇ ಇತ್ತು. ನೆಂಟರಾಗಿ ಇರಿ, ನಮ್ಮ ಚಪ್ಪರದ ಅಂಚಿನಲ್ಲಿ ಕೂತು ಕೇಳಿ. ಈ ಬಂಡೆಯ ಮೇಲೆ ಎರಡನೆಯ ಚಪ್ಪರ ಏಳುವುದಿಲ್ಲ ಎಂದರು ಮಾವ. ನಮ್ಮ ಕಂಬ ನಿಂತಲ್ಲಿ ನಾವು ಕೂರುತ್ತೇವೆ, ಬರೇ ಕೇಳಲು ಕೂರುವುದಿಲ್ಲ ಎಂದರು ಅಣ್ಣ. ಮಳೆಗೆ ಮುಂಚೆ ಯಾರು ಎಲ್ಲಿ ಬಿತ್ತಬೇಕು ಎಂದು ಹಂಚುವುದು ಚಪ್ಪರದಲ್ಲೇ. ಅಲ್ಲಿ ಕೂರದವರಿಗೆ ಮಡಿಯಿಲ್ಲ. ಮಡಿ ಸಿಗದಿದ್ದರೆ ಮಳೆ ಬೀಳುವ ಮುಂಚೆ ಎಲ್ಲರನ್ನೂ ಕರೆದುಕೊಂಡು ಪೇಟೆಯ ಡೇರೆಗಳಿಗೆ ಹೋಗುತ್ತೇನೆ ಎಂದು ಅಣ್ಣ ಹೇಳಿಬಿಟ್ಟರು.

ಡೇರೆಗೆ ಹೋದವರು ಮರಳಿದ್ದನ್ನು ಅಂಬಕಾನೆ ಕೇಳಿಲ್ಲ. ಅಲ್ಲಿ ಹತ್ತು ಊರಿನವರು ಒಂದೇ ಸಾಲಿನಲ್ಲಿ ಇರುತ್ತಾರೆ. ಮಕ್ಕಳು ಪೇಟೆಯ ಮಾತು ಹಿಡಿಯುತ್ತವೆ. “ನನ್ನ ಸಣ್ಣ ಮಗಳು ಬೇರೆ ಮಾತಿನಲ್ಲಿ ನನ್ನ ಕುಶಲ ಕೇಳಿದರೆ ನಾನು ಎಂತ ಉತ್ತರ ಕೊಡಲಿ?” ಎಂದು ಅವರು ದೇಜಪ್ಪನವರನ್ನು ಕೇಳಿದ್ದರು. ಊರಿಗೆ ಹೋದಾಗ ತುಳುವಿನಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮೊಮ್ಮಕ್ಕಳು ದೇಜಪ್ಪನವರಿಗೂ ಇದ್ದಾರೆ. ಅಂದು ಅವರು ಚಹಾ ಇನ್ನೊಂದು ಲೋಟ ಬಗ್ಗಿಸಿದರು.

ಎರಡು ಕಡೆಯವರೂ ಮಾತು ಹೇಳಲು ಅಂಬಕಾನೆಯವರನ್ನೇ ಕೇಳಿಕೊಂಡರು. ಅವರು ಒಬ್ಬರಿಗೆ ತಮ್ಮ, ಇನ್ನೊಬ್ಬರಿಗೆ ಅಳಿಯ. ಆದರೆ ಮೊದಲ ಸಲ ಅವರು ಎಡವಿದರು. ಕಟ್ಟು ಕಟ್ಟುವ ಶೆಡ್ಡಿನಲ್ಲಿ ನಿಂತು, ಗಂಟಲು ಸರಿಮಾಡಿಕೊಂಡು, ಬಹಳ ಮರ್ಯಾದೆಯಿಂದ ಮಾವನಿಗೆ ಒಂದು ಸಂದೇಶ ಕಳಿಸಿದರು. ಪೂಜ್ಯ ಮಾವ, ದೊಡ್ಡ ಮನಸ್ಸು ಮಾಡಬೇಕು, ಕಾಲ ಕೆಟ್ಟಿದೆ, ಒಗ್ಗಟ್ಟು ಬೇಕು ಎಂದು ಮುಂತಾಗಿ. ಮಾವನಿಂದ ಉತ್ತರ ಬರಲಿಲ್ಲ. ದಿನ ಕಳೆದವು. ಊರಿನ ಕಡೆ ಮೋಡ ಕಾಣಿಸತೊಡಗಿದೆ ಎಂಬ ಸುದ್ದಿ ಬಂತು. ಹೆಂಗಸರು ಗಂಟು ಕಟ್ಟತೊಡಗಿದ್ದಾರೆ ಎಂಬ ಸುದ್ದಿಯೂ ಬಂತು.

ಎಲ್ಲಿ ಎಡವಿದ್ದು ಎಂದು ತೋರಿಸಿಕೊಟ್ಟವರು ಯಾಪೆರೆ. “ಮಾವನ ಹತ್ತಿರ ಅಧಿಕಾರಿಯ ಹಾಗೆ ಮಾತಾಡಿದ್ದೀಯ. ಅವರು ಫೋನು ತಿರುಗಿಸಿ ತಿರುಗಿಸಿ ನೋಡಿದರು, ಇದು ಯಾರ ಧ್ವನಿ ಅಂತ. ನೀನು ಅಳಿಯ ಅನ್ನುವುದು ಅಲ್ಲಿಯ ಬಿಸಿಲಿಗೆ ಆರಿಹೋಯಿತಾ?”

ಅವರಲ್ಲಿ ಸೋದರಳಿಯನಿಗೆ ಒಂದು ಹಕ್ಕಿದೆ. ಮಾವನನ್ನು ಅವನು ಗೇಲಿ ಮಾಡಬಹುದು, ಬೈಯಬಹುದು, ಅತ್ತೆಯ ಕೋಳಿ ಕದ್ದು ತಿನ್ನಬಹುದು. ಮಾವ ಸಿಟ್ಟಾಗುವಂತಿಲ್ಲ. ಊರಿನ ಯಾರೂ ಎದುರು ಹೇಳಲಾಗದ ಮಾತನ್ನು ಯಜಮಾನನ ಕಿವಿಗೆ ಹಾಕುವವನು ಅಳಿಯನೇ. ಅಂಥವನು ಮರ್ಯಾದೆ ಕೊಟ್ಟು ಮಾತಾಡಿದರೆ ಮಾವನಿಗೆ ಎದೆ ಒಡೆದ ಹಾಗೆ. ನನ್ನ ತಂಗಿಯ ಮಗ ನನ್ನನ್ನು ಹೊರಗಿನವನು ಮಾಡಿದ ಎಂದೇ ಅದರ ಅರ್ಥ.

ಇದನ್ನು ದೇಜಪ್ಪನವರಿಗೆ ಬಿಡಿಸಿ ಹೇಳುವ ಅಗತ್ಯ ಬೀಳಲಿಲ್ಲ. ಅಳಿಯನೇ ಮನೆಯ ವಾರಸುದಾರ ಎನ್ನುವ ಸೀಮೆಯಿಂದ ಬಂದವರು ಅವರು. “ನಮ್ಮಲ್ಲಿ ಅಳಿಯನಿಗೆ ಹೆದರದ ಮಾವ ಹುಟ್ಟಿಲ್ಲ,” ಎಂದರು. “ಹೋಗು. ಒಳಗೆ ಕೂತು ಚೆನ್ನಾಗಿ ಬೈದು ಬಾ.”

ಹೋದ ಶುಕ್ರವಾರ, ರಜೆಯ ದಿನ, ಅಂಬಕಾನೆ ಚಪ್ಪರದೊಳಗೆ ನುಗ್ಗಿ ಕಾಲು ಮಡಚಿ ಕೂತರು. ಕುಶಲಗಳನ್ನೆಲ್ಲ ಕ್ರಮವಾಗಿ ಮುಗಿಸಿದರು. ಆಮೇಲೆ ಸುರು ಮಾಡಿದರು. ಆ ಮಾತನ್ನು ಅವರೇ ನಾಚಿಕೊಂಡು, ತುಂಡು ತುಂಡಾಗಿ ಹೇಳುತ್ತಾರೆ:

“ಅತ್ತೆಯ ಕೆಂಪು ಕೋಳಿ ತಿಂದವನು ನಾನೇ ಮಾವ, ನರಿಯಲ್ಲ. ನಿನ್ನ ಚಪ್ಪರದ ಕಲ್ಲು ಕಂಬಗಳು ನಿನ್ನ ಹಾಗೆಯೇ ಆಗಿವೆ, ಮುದಿಯಾಗಿ ಒಂದು ಕಡೆ ವಾಲಿವೆ. ಅಜ್ಜನ ಕಂಬ ಕಂಡರೆ ನಿನಗೆ ಹೆದರಿಕೆಯಾ? ಅದರಲ್ಲಿ ಇರುವುದು ಮರದ ನಾಯಿ, ಕಚ್ಚುವುದಿಲ್ಲ. ನಿನಗೆ ಬೇಡವಾದರೆ ಇಲ್ಲಿಗೆ ಕಳಿಸು. ಸುಲೈಬಿಯಾದಲ್ಲಿ ನಾನು ಚಪ್ಪರ ಕಟ್ಟಿ ಇಟ್ಟಿದ್ದೇನೆ, ನಡುವೆ ಒಂದು ಕಂಬ ಕಡಿಮೆ ಇದೆ. ಕಂಬ ಇಲ್ಲಿ ನಿಂತರೆ ಗೊಮೇಲಿಯೂ ಇಲ್ಲೇ. ಆಮೇಲೆ ಊರಿನ ಮಾತು ಆಡಬೇಕಾದರೆ ನೀನು ಈ ಮುಪ್ಪಿನಲ್ಲಿ ವೀಸಾ ಮಾಡಿಸಿಕೊಂಡು ಬರಬೇಕು. ಕಫೀಲ್ ಹತ್ತಿರ ಹೇಳಿ ನಿನಗೆ ಮೂಲಂಗಿ ತೊಳೆಯುವ ಕೆಲಸ ಕೊಡಿಸುತ್ತೇನೆ.”

ಹತ್ತು ವರ್ಷದಿಂದ ಯಾರನ್ನೂ ಬೈದು ಅಭ್ಯಾಸವಿಲ್ಲ. ಮೇಸ್ತ್ರಿಗೆ ಹೌದು, ಕಫೀಲ್‌ಗೆ ಹೌದು, ವಾಸದ ಪರವಾನಗಿ ಇಕಾಮಾ ನೋಡುವವರಿಗೆ ಹೌದು ಎಂದು ತಲೆಯಾಡಿಸಿ ಆಡಿಸಿ, ಅಳಿಯನಾಗಿರುವುದೇ ಮರೆತುಹೋಗಿತ್ತು ಎನ್ನುತ್ತಾರೆ.

ಈಗ ಕೊನೆಯ ಮಡಿ ತುಂಬಿದೆ. ಅಂಬಕಾನೆ ಕವಾಟ ಮುಚ್ಚಿ, ಕೈಕಾಲು ತೊಳೆದು, ಚಪ್ಪರದತ್ತ ನಡೆಯುತ್ತಾರೆ. ದೇಜಪ್ಪ ಪಂಪ್ ನಿಲ್ಲಿಸುತ್ತಾರೆ. ಸೊಪ್ಪು ಬಾಡಿದರೆ ಬಾಡಲಿ ಎಂದು ಅಲಿಕುಂಞಿ ಗಾಡಿಯ ಕೀಲಿ ತೆಗೆದು ಕಿಸೆಗೆ ಹಾಕುತ್ತಾರೆ. ಮೂವರೂ ಬಗ್ಗಿ ಒಳಗೆ ಹೋಗಿ ಕೂರುತ್ತಾರೆ. ಮಾಡಿನ ಸಂದಿಯಿಂದ ಬಂದ ಎಳೆ ಬಿಸಿಲು ಅವರ ಮೊಣಕಾಲಿನ ಮೇಲೆ ಬಿದ್ದಿದೆ. ಅಂಬಕಾನೆ ಫೋನನ್ನು ನಡುವೆ ನೆಲದ ಮೇಲೆ ಇಡುತ್ತಾರೆ.

ಮುದಿ ಧ್ವನಿಯೊಂದು ಎದ್ದು ಬರುತ್ತದೆ. ಅಂಬಕಾನೆ ಕೇಳುತ್ತ ಕೇಳುತ್ತ ಅದನ್ನು ಇಬ್ಬರಿಗೂ ಹಿಂದಿಯಲ್ಲಿ ಹೇಳುತ್ತ ಹೋಗುತ್ತಾರೆ. ನಡುನಡುವೆ ಅಂಬಕಾನೆ ‘ಸೆವೊ’ ಅನ್ನುತ್ತಾರೆ, ಮಾವ ಎದುರಿಗೇ ಕೂತಿದ್ದಾರೋ ಎಂಬಂತೆ. ಅಲಿಕುಂಞಿಯೂ ಅನ್ನುತ್ತಾರೆ. ಮನೆ, ಆರೋಗ್ಯ, ಕೆಲಸ, ನೀರು, ಬಿಸಿಲು, ನಿನ್ನ ಜೊತೆಯವರು ಎಲ್ಲ ಮುಗಿದು ನಿನ್ನ ಹೆಂಡತಿ ಹೇಗಿದ್ದಾಳೆ ಎಂದೂ ಮಾವ ಕೇಳಿದಾಗ, ಅವಳು ಅವರ ಮನೆಯಲ್ಲೇ ಇದ್ದಾಳಲ್ಲ ಎಂದು ದೇಜಪ್ಪ ಗೊಣಗುತ್ತಾರೆ. ಆಮೇಲೆ ಧ್ವನಿಯ ಧಾಟಿ ಬದಲಾಗುತ್ತದೆ.

“ಕೋಳಿ ಕಳ್ಳ, ನಿನ್ನ ಮಾತು ಕೇಳಿ ನಾನು ಏನೂ ಮಾಡಿಲ್ಲ. ಅದು ನಿನಗೆ ಗೊತ್ತಿರಲಿ. ನಿನ್ನ ಅತ್ತೆಯ ಕೋಳಿ ಆ ದಿಮ್ಮಿಯ ಹಿಂದೆ ಮೊಟ್ಟೆ ಇಡಲು ಸುರು ಮಾಡಿದೆ. ನಿನ್ನ ಮಕ್ಕಳು ಅದನ್ನು ಕದಿಯಲು ಬಂದು ನನ್ನ ಕಾಲು ತುಳಿಯುತ್ತಾರೆ. ಅಂಗಳ ಖಾಲಿಯಾಗಲಿ ಅಂತ ದಿಮ್ಮಿಯನ್ನು ತೆಗೆದು ಚಪ್ಪರದ ಕೆಳಗೆ ನಿಲ್ಲಿಸಿದೆ. ಮೂಡು ದಿಕ್ಕಿನಲ್ಲಿ ಎರಡು ಕಲ್ಲಿನ ನಡುವೆ ಜಾಗ ಇತ್ತು. ಅಲ್ಲಿಂದ ಮರಳು ಬಯಲು ಕಾಣುತ್ತದೆ. ನಾಯಿಯ ಮುಖ ಆ ಕಡೆಗೇ ಇಟ್ಟಿದ್ದೇನೆ, ನೋಡಿಕೊಂಡಿರಲಿ.”

ಧ್ವನಿ ಅಲ್ಲಿ ನಿಲ್ಲುತ್ತದೆ. ಯಾರೋ ಕೆಮ್ಮಿದ್ದು, ದೂರದಲ್ಲಿ ಮಗುವೊಂದು ಕೂಗಿದ್ದು ಕೇಳಿಸುತ್ತದೆ. ಮತ್ತೆ ಮಾವ:

“ನಿನ್ನ ಅಣ್ಣ ಕಂಬ ನೆಟ್ಟಗಿದೆಯಾ ಅಂತ ನೋಡಲು ಬಂದ. ನೋಡಲು ಕೂತ. ಕೂತವನು ಇನ್ನೂ ಎದ್ದಿಲ್ಲ. ಇವತ್ತು ನನ್ನ ತಪ್ಪು ಹಿಡಿಯುತ್ತಿದ್ದಾನೆ, ಮೇಲಿನ ಮಡಿ ಯಾರಿಗೆ, ಕೆಳಗಿನದು ಯಾರಿಗೆ ಅಂತ. ಬಾಯಿ ಜೋರು. ಖಂಡಿತ ನಿನ್ನ ಅಣ್ಣನೇ.”

ಫೋನು ಸುಮ್ಮನಾಗುತ್ತದೆ. ಅಂಬಕಾನೆ ಅಂಗೈಯನ್ನು ನೆಲಕ್ಕೆ ಊರಿ ಕೂತಿದ್ದಾರೆ, ನೀರು ಮುಟ್ಟಿತೋ ಎಂದು ಮಡಿಯಲ್ಲಿ ನೋಡುವ ಹಾಗೆಯೇ. ದೇಜಪ್ಪ ಕೈ ಜೋಡಿಸಿ ಯಾರಿಗೋ ಮುಗಿಯುತ್ತಾರೆ. ಅಲಿಕುಂಞಿ, “ಅಲ್‌ಹಮ್ದುಲಿಲ್ಲಾ, ಹಾಗಾದರೆ ಖಲಾಸ್, ಗಂಟು ಬಿಚ್ಚಲಿ ಅಂತ ಹೇಳು ನಿನ್ನ ಹೆಂಡತಿಗೆ,” ಎಂದು ಖುಷಿಯಲ್ಲಿ ತಟ್ಟನೆ ಏಳುತ್ತಾರೆ. ಠಕ್ಕೆಂದು ತಲೆ ಮಾಡಿಗೆ ತಾಗಿ, ಒಣಗಿದ ಈರುಳ್ಳಿ ಸೊಪ್ಪು ಅವರ ಹೆಗಲ ಮೇಲೆ ಉದುರುತ್ತದೆ. ಮೂವರೂ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಾರೆ. ಅಂಬಕಾನೆಯವರ ಕಣ್ಣಿನ ನೀರು ಮಾತ್ರ ನಗು ನಿಂತ ಮೇಲೂ ನಿಲ್ಲುವುದಿಲ್ಲ.

ಪಿಕಪ್ ಹೊರಡುತ್ತದೆ. ಬಿಸಿಲು ಏರುತ್ತದೆ. ಕಟ್ಟು ಕಟ್ಟುವ ಶೆಡ್ಡಿನತ್ತ ಹೋಗುವ ಮುಂಚೆ ದೇಜಪ್ಪ ಕೇಳುತ್ತಾರೆ, ಇನ್ನು ನಿನಗೆ ಎಂತ ಬೇಕು ಮಾರಾಯ ಎಂದು. ರಜೆ ಸಿಗುವುದು ಇಕಾಮಾ ಹೊಸದಾದ ಮೇಲೆ. ಮುಂದಿನ ವರ್ಷ, ದೇವರು ಒಪ್ಪಿದರೆ. ಅಂಬಕಾನೆ ತಮ್ಮ ಚಪ್ಪರದ ಮಾಡನ್ನು ಒಮ್ಮೆ ಸವರಿ ನೋಡುತ್ತಾರೆ.

“ಇದು ನನ್ನ ಕೈಯಲ್ಲೇ ಅಳೆದು ಕಟ್ಟಿದ್ದು. ಎಲ್ಲರಿಗೂ ತಾಗಿದೆ, ನನ್ನ ತಲೆಗೆ ಒಂದು ಸಲವೂ ತಾಗಿಲ್ಲ. ಊರಿಗೆ ಹೋಗಬೇಕು. ಮಾವನ ಚಪ್ಪರದಲ್ಲಿ ಅಜ್ಜನ ಕಂಬದ ಪಕ್ಕ ಕೂರಬೇಕು. ಯಾವುದೋ ಮಾತಿಗೆ ಮರೆತು ಎದ್ದು ನಿಲ್ಲಬೇಕು. ತಲೆ ತಾಗಬೇಕು. ಅವರೆಲ್ಲ ನಗಬೇಕು. ಅಷ್ಟೇ.”